ಕ್ಯಾಲ್ಕುಲೇಟರ್, ಕೆಪಾಸಿಟರ್, ಒಂದು ನರಕೋಶ: ಮೊದಲ ಮಾಡೆಲ್ ಕಟ್ಟೋದು ಹೇಗೆ

ಬಿಎಸ್ಸಿ ಕೊನೇ ವರ್ಷದ ಮಕ್ಕಳು ಪ್ರಾಜೆಕ್ಟ್ ಕೇಳಿಕೊಂಡು ಬಂದಾಗ ನಾನು ಪ್ರತಿ ವರ್ಷ ತಪ್ಪದೆ ಮುಂದಿಡುವ ವಿಷಯ ಒಂದಿದೆ. ನರಕೋಶದ ಗಣಿತ ಮಾಡೆಲ್. ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಜೀವಂತ ಕೋಶವೂ ಇಲ್ಲ, ಅದಕ್ಕೆ ಚುಚ್ಚುವ ಮೈಕ್ರೋ ಎಲೆಕ್ಟ್ರೋಡೂ ಇಲ್ಲ. ಇರೋದು ಮಲ್ಟಿಮೀಟರ್, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್, ಮಕ್ಕಳ ಕೈಯಲ್ಲಿರುವ ಮೊಬೈಲ್. ಈ ಕೆಲಸ ಶುರು ಮಾಡೋಕೆ ಅಷ್ಟು ಸಾಕು.

ಈಗ ನೆಟ್‌ನಲ್ಲಿ ರೆಡಿ ಕೋಡ್ ಸಿಗುತ್ತದೆ. ಕಾಪಿ ಮಾಡಿ ಓಡಿಸಿದರೆ ಚೆಂದದ ಗ್ರಾಫ್ ಬರುತ್ತದೆ. "ಇಲ್ಲಿ ಗೆರೆ ಯಾಕೆ ಮೇಲೆ ಹೋಯಿತು?" ಅಂತ ಕೇಳಿದರೆ ಮಾತ್ರ ಉತ್ತರ ಬರೋದಿಲ್ಲ. ಅದಕ್ಕೇ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಕೈಲೆಕ್ಕ, ಆಮೇಲೆ ಲ್ಯಾಬ್ ಟೇಬಲ್, ಆಮೇಲೆ ಸ್ಪ್ರೆಡ್‌ಶೀಟ್. ಕೋಡ್ ಎಲ್ಲಕ್ಕಿಂತ ಕೊನೆಗೆ. ಪಿಯುಸಿ ಮಟ್ಟದ ಗಣಿತ ಗೊತ್ತಿದ್ದವರು ಯಾರು ಬೇಕಾದರೂ ಇದನ್ನು ಮಾಡಬಹುದು.

ಮೊದಲು ಪ್ರಶ್ನೆ, ಆಮೇಲೆ ಸಮೀಕರಣ

ಮಾಡೆಲ್ ಅಂದರೆ ಕೋಶದ ಪೂರ್ತಿ ನಕಲು ಅಲ್ಲ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಅನ್ನೋದನ್ನು ನಿಮ್ಮ ಪ್ರಶ್ನೆ ತೀರ್ಮಾನ ಮಾಡುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಸಾಲಿನ ಪ್ರಶ್ನೆ ಬರೆಯಿರಿ. ನಾನು ಕೊಡುವ ಮೊದಲ ಪ್ರಶ್ನೆ ಇದು: ಕೋಶದೊಳಗೆ ಹರಿಯುವ ಕರೆಂಟ್ ಜಾಸ್ತಿ ಮಾಡಿದರೆ ಸ್ಪೈಕ್‌ಗಳು ಎಷ್ಟು ಬೇಗ ಬೇಗ ಬರುತ್ತವೆ? ಸ್ಪೈಕ್ ಅಂದರೆ ನರಕೋಶ ಸುದ್ದಿ ಕಳಿಸುವ, ಕ್ಷಣ ಮಾತ್ರದ ವೋಲ್ಟೇಜ್ ಮಿಡಿತ.

ಇದು ಹಳೇ ಪ್ರಶ್ನೆ, ದೊಡ್ಡ ಪ್ರಶ್ನೆ. 1920ರ ದಶಕದಲ್ಲಿ ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್ ಒಂದೊಂದೇ ನರತಂತುವಿನ ಸಿಗ್ನಲ್ ಅಳೆದು ನೋಡಿದರು. ಒತ್ತಡ ಜಾಸ್ತಿ ಆದಾಗ ಸ್ಪೈಕ್ ದೊಡ್ಡದಾಗಲಿಲ್ಲ, ಸೆಕೆಂಡಿಗೆ ಬರುವ ಸ್ಪೈಕ್‌ಗಳ ಸಂಖ್ಯೆ ಜಾಸ್ತಿಯಾಯಿತು. ಸ್ಪೈಕ್ ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಬರೋದೇ ಇಲ್ಲ. 1932ರ ನೊಬೆಲ್ ಬಹುಮಾನ ಅವರಿಗೂ ಚಾರ್ಲ್ಸ್ ಶೆರಿಂಗ್ಟನ್ ಅವರಿಗೂ ಸೇರಿ ಬಂತು.

ನಮ್ಮ ಪ್ರಶ್ನೆಗೆ ಕೋಶದ ಆಕಾರ ಬೇಡ, ಕವಲುಗಳು ಬೇಡ, ಸೋಡಿಯಂ ಪೊಟ್ಯಾಸಿಯಂ ವಿವರವೂ ಸದ್ಯಕ್ಕೆ ಬೇಡ. ಬೇಕಾದ್ದು ಪೊರೆ ಒಂದೇ. ಪೊರೆ ಕೊಬ್ಬಿನದು, ಕೆಲವೇ ನ್ಯಾನೋಮೀಟರ್ ದಪ್ಪ. ಒಳಗೂ ಹೊರಗೂ ಉಪ್ಪುನೀರು. ಎರಡು ವಾಹಕಗಳ ನಡುವೆ ತೆಳು ಅವಾಹಕ ಇದ್ದರೆ ಅದು ಕೆಪಾಸಿಟರ್, ಅಲ್ವಾ? ಒಂದು ಚದರ ಸೆಂಟಿಮೀಟರ್ ಪೊರೆಗೆ ಸುಮಾರು 1 ಮೈಕ್ರೋಫ್ಯಾರಡ್ ಬರುತ್ತದೆ. ಪೊರೆಯಲ್ಲಿ ಅಯಾನು ಹಾಯುವ ಸಣ್ಣ ದಾರಿಗಳಿವೆ, ಅವುಗಳಲ್ಲಿ ಕರೆಂಟ್ ಸೋರುತ್ತದೆ. ಅದು ರೆಸಿಸ್ಟರ್. ಎರಡೂ ಪ್ಯಾರಲಲ್ ಆಗಿವೆ. ಏನೂ ಮಾಡದೆ ಬಿಟ್ಟರೆ ಒಳಗಿನ ವೋಲ್ಟೇಜ್ ಹೊರಗಿಗಿಂತ 65–70 ಮಿಲಿವೋಲ್ಟ್ ಕಡಿಮೆ ನಿಲ್ಲುತ್ತದೆ. 1907ರಲ್ಲಿ ಫ್ರಾನ್ಸಿನ ಲೂಯಿ ಲಾಪಿಕ್ ಕಪ್ಪೆಯ ನರದ ಮೇಲೆ ಪ್ರಯೋಗ ಮಾಡಿ ಪೊರೆಯನ್ನು ಹೀಗೇ ಲೆಕ್ಕಕ್ಕೆ ತಂದರು. ಅಯಾನು ದಾರಿಗಳ ವಿಚಾರ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಲೆಕ್ಕ ನಿಂತಿತು. ಇವತ್ತಿಗೂ ಸಾವಿರಾರು ಕೋಶಗಳ ಜಾಲ ಕಟ್ಟುವವರು ಇದೇ ಮಾಡೆಲ್‌ನಿಂದ ಶುರು ಮಾಡುತ್ತಾರೆ.

ಹದಿನಾಲ್ಕು ಸಾಲಿನ ಕೈಲೆಕ್ಕ

ಸಂಖ್ಯೆಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಸುಮ್ಮನಿದ್ದಾಗಿನ ವೋಲ್ಟೇಜ್ −65 ಮಿಲಿವೋಲ್ಟ್. ಥ್ರೆಶೋಲ್ಡ್, ಅಂದರೆ ಮುಟ್ಟಿದರೆ ಸ್ಪೈಕ್ ಬರುವ ಗಡಿ, −50. ರೆಸಿಸ್ಟೆನ್ಸ್ 10 ಮೆಗಾಓಮ್, ಕೆಪಾಸಿಟೆನ್ಸ್ 1 ನ್ಯಾನೋಫ್ಯಾರಡ್. ಕರೆಂಟ್ 2 ನ್ಯಾನೋಆಂಪಿಯರ್.

ಯೂನಿಟ್ ಬಗ್ಗೆ ಒಂದು ಮಾತು. ಮೆಗಾಓಮನ್ನು ನ್ಯಾನೋಆಂಪಿಯರ್‌ನಿಂದ ಗುಣಿಸಿದರೆ ನೇರವಾಗಿ ಮಿಲಿವೋಲ್ಟ್ ಬರುತ್ತದೆ. ಮೆಗಾಓಮನ್ನು ನ್ಯಾನೋಫ್ಯಾರಡ್‌ನಿಂದ ಗುಣಿಸಿದರೆ ಮಿಲಿಸೆಕೆಂಡ್. ಇದೇ ಸೆಟ್ ಕೊನೇತನಕ ಇಟ್ಟುಕೊಂಡರೆ ಹತ್ತರ ಘಾತಗಳ ತಲೆನೋವೇ ಇರೋದಿಲ್ಲ. ಪ್ರಾಜೆಕ್ಟ್‌ಗಳು ಕೆಡೋದು ಹೆಚ್ಚಾಗಿ ಇಲ್ಲೇ. ಒಬ್ಬರು ವೋಲ್ಟ್‌ನಲ್ಲಿ, ಇನ್ನೊಬ್ಬರು ಮಿಲಿವೋಲ್ಟ್‌ನಲ್ಲಿ ಬರೆದು ಕೂಡಿಸಿರುತ್ತಾರೆ.

ನಮ್ಮ ಟೌ, ಅಂದರೆ ಟೈಮ್ ಕಾನ್‌ಸ್ಟಂಟ್, 10 × 1 = 10 ಮಿಲಿಸೆಕೆಂಡ್. ಕರೆಂಟ್ ಎತ್ತುವ ವೋಲ್ಟೇಜ್ 10 × 2 = 20 ಮಿಲಿವೋಲ್ಟ್. ಥ್ರೆಶೋಲ್ಡ್ ಅನ್ನೋದು ಇಲ್ಲದಿದ್ದರೆ ವೋಲ್ಟೇಜ್ −65ರಿಂದ ಮೇಲೇರಿ −45ರಲ್ಲಿ ನಿಲ್ಲುತ್ತಿತ್ತು. ಈ −45ನ್ನು ಗುರಿ ಅಂತ ಕರೆಯೋಣ.

ಸಮೀಕರಣ ಹೇಳೋದು ಇಷ್ಟೇ:

ವೋಲ್ಟೇಜ್ ಬದಲಾಗುವ ವೇಗ = (ಗುರಿ − ಈಗಿನ ವೋಲ್ಟೇಜ್) ÷ ಟೌ

ಒಂದೊಂದು ಮಿಲಿಸೆಕೆಂಡಿನ ಹೆಜ್ಜೆ ಹಾಕಿದರೆ ನಿಯಮ ಇನ್ನೂ ಸುಲಭವಾಗುತ್ತದೆ. ಗುರಿಗೆ ಇನ್ನೂ ಎಷ್ಟು ದೂರ ಇದೆ ನೋಡಿ, ಅದರ ಹತ್ತನೇ ಒಂದು ಪಾಲನ್ನು ಈಗಿನ ವೋಲ್ಟೇಜಿಗೆ ಕೂಡಿಸಿ. ಇದು ಆಯ್ಲರ್ ವಿಧಾನ.

ಶುರುವಿಗೆ −65, ಇದು 0ನೇ ಸಾಲು. ಗುರಿಗೆ ದೂರ 20, ಅದರ ಹತ್ತನೇ ಪಾಲು 2. ಮುಂದಿನ ಸಾಲು −63. ಈಗ ದೂರ 18, ಪಾಲು 1.8, ಮುಂದಿನ ಸಾಲು −61.2. ಆಮೇಲೆ −59.58. ಆಮೇಲೆ −58.12. ಹೆಜ್ಜೆ ಚಿಕ್ಕದಾಗುತ್ತಾ ಹೋಗೋದು ಕಣ್ಣಿಗೇ ಕಾಣುತ್ತದೆ. 12ನೇ ಸಾಲಿಗೆ −50.65, 13ನೇ ಸಾಲಿಗೆ −50.08, 14ನೇ ಸಾಲಿಗೆ −49.58. ಥ್ರೆಶೋಲ್ಡ್ ದಾಟಿತು. ಸ್ಪೈಕ್ ಅಂತ ಗುರುತು ಹಾಕಿ, −49.58ನ್ನು ಹೊಡೆದು ಅದೇ ಸಾಲಿನಲ್ಲಿ −65 ಬರೆಯಿರಿ. ಅಲ್ಲಿಂದ ಮತ್ತೆ ಶುರು.

ಈ ಲೆಕ್ಕವನ್ನು ಗ್ರಾಫ್ ಶೀಟಿನ ಮೇಲೆ ಪೆನ್ಸಿಲ್‌ನಲ್ಲಿ ಮಾಡಿಸುತ್ತೇನೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತಾಗಲೂ ಮಾಡಬಹುದಾದ ಕೆಲಸ ಇದು. ಜೇವರ್ಗಿ ಕಡೆಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ 13ನೇ ಸಾಲಿಗೆ ಬಂದು ಪೆನ್ಸಿಲ್ ಎತ್ತಿ ಕೇಳಿದಳು: "ಮೇಡಂ, 50.08 ಬಂದದ್ರಿ. ಇಷ್ಟು ಹತ್ರ ಬಂದದ, ಸ್ಪೈಕ್ ಅಂತ ಬರೀಲೇನ್ರಿ?"

"ಬರೀಬ್ಯಾಡವ್ವಾ," ಅಂದೆ. "ಇಲ್ಲಿ ಕರೆಂಟ್ ನಿಲ್ಲಿಸಿ ನೋಡು ಏನಾಗ್ತದ."

ಅವಳು 13ನೇ ಸಾಲಿನಿಂದ ಕರೆಂಟ್ ಸೊನ್ನೆ ಮಾಡಿ ಲೆಕ್ಕ ಮುಂದುವರಿಸಿದಳು. ಗುರಿ ಈಗ −65. ಮುಂದಿನ ಸಾಲು −51.58, ಅದರ ಮುಂದಿನದು −52.92. ವೋಲ್ಟೇಜ್ ಸದ್ದಿಲ್ಲದೆ ಇಳಿದು ಹೋಯಿತು. ಮುಂದಿನ ಕೋಶಕ್ಕೆ ಏನೂ ತಲುಪಲಿಲ್ಲ. ಥ್ರೆಶೋಲ್ಡಿಗೆ 0.08 ಮಿಲಿವೋಲ್ಟ್ ಉಳಿದಿದ್ದರೂ ಒಂದೇ, 15 ಉಳಿದಿದ್ದರೂ ಒಂದೇ. ಏಡ್ರಿಯನ್ ಕಂಡದ್ದನ್ನು ಅವಳು ತನ್ನ ಪೆನ್ಸಿಲ್‌ನಲ್ಲೇ ಕಂಡಳು. ರೆಡಿ ಕೋಡ್ ಓಡಿಸಿದ್ದರೆ ಆ 13ನೇ ಸಾಲು ಕಣ್ಣಿಗೇ ಬೀಳುತ್ತಿರಲಿಲ್ಲ.

ಸಾವಿರ ಪಟ್ಟು ನಿಧಾನದ ನರಕೋಶ

ನನಗೆ ಇಡೀ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ ಇದು. ಸಾಮಾನು ತರೋಕೆ ನಮ್ಮ ಮಕ್ಕಳು ಊರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಹೋಗುತ್ತಾರೆ. ನಿಮ್ಮೂರಲ್ಲಿ ಟಿವಿ, ಮಿಕ್ಸರ್ ರಿಪೇರಿ ಮಾಡುವ ಅಂಗಡಿ ಇದ್ದರೆ ಸಾಕು, ಅಲ್ಲೇ ಸಿಗುತ್ತದೆ. 100 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದು. 100 ಕಿಲೋಓಮ್ ರೆಸಿಸ್ಟರ್ ಒಂದು, ಅದರ ಪಟ್ಟಿಗಳು ಕಂದು, ಕಪ್ಪು, ಹಳದಿ. 100 ಓಮ್ ರೆಸಿಸ್ಟರ್ ಇನ್ನೊಂದು, ಅದಕ್ಕೆ ಕಂದು, ಕಪ್ಪು, ಕಂದು. 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್. ಮಲ್ಟಿಮೀಟರ್.

100 ಕಿಲೋಓಮನ್ನು 100 ಮೈಕ್ರೋಫ್ಯಾರಡ್‌ನಿಂದ ಗುಣಿಸಿದರೆ 10 ಸೆಕೆಂಡ್. ಕೋಶದ ಟೌ 10 ಮಿಲಿಸೆಕೆಂಡ್ ಇತ್ತು. ಸಮೀಕರಣ ಅದೇ, ಗಡಿಯಾರ ಮಾತ್ರ ಸಾವಿರ ಪಟ್ಟು ನಿಧಾನ. ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಕೂತು ನೋಡಬಹುದು.

ಬ್ಯಾಟರಿಯ ಪ್ಲಸ್‌ನಿಂದ 100 ಕಿಲೋಓಮ್ ಮೂಲಕ ಕೆಪಾಸಿಟರ್‌ನ ಪ್ಲಸ್ ಕಾಲಿಗೆ ಬನ್ನಿ. ಕೆಪಾಸಿಟರ್‌ನ ಮೈನಸ್ ಕಾಲು ಬ್ಯಾಟರಿಯ ಮೈನಸ್‌ಗೆ. ಮೈನಸ್ ಕಾಲಿನ ಪಕ್ಕ ಪಟ್ಟೆ ಬಳಿದಿರುತ್ತದೆ, ಅದನ್ನು ನೋಡಿಯೇ ಜೋಡಿಸಿ. ಉಲ್ಟಾ ಆದರೆ ಕೆಪಾಸಿಟರ್ ಕೆಡುತ್ತದೆ, ಬಿಸಿಯಾಗಿ ಒಡೆಯಲೂಬಹುದು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿ ರೇಂಜಿನಲ್ಲಿಟ್ಟು ಕೆಪಾಸಿಟರ್‌ನ ಎರಡು ಕಾಲಿಗೆ ಹಿಡಿಯಿರಿ.

ಪೊರೆಯಲ್ಲಿ ರೆಸಿಸ್ಟರ್ ಪ್ಯಾರಲಲ್ ಇತ್ತು, ಇಲ್ಲಿ ಸೀರೀಸ್ ಹಾಕಿದ್ದೇವೆ, ಸರಿಯಾ ಅಂತ ಯಾರಾದರೂ ಕೇಳಲೇಬೇಕು. ಕೇಳದಿದ್ದರೆ ನಾನೇ ಕೇಳುತ್ತೇನೆ. ಉತ್ತರ ನಾರ್ಟನ್ ಪ್ರಮೇಯದಲ್ಲಿದೆ. 9 ವೋಲ್ಟ್ ಬ್ಯಾಟರಿ ಮತ್ತು ಸೀರೀಸ್‌ನಲ್ಲಿ 100 ಕಿಲೋಓಮ್ ಅಂದರೂ ಒಂದೇ, 90 ಮೈಕ್ರೋಆಂಪಿಯರ್ ಕರೆಂಟ್ ಮೂಲ ಮತ್ತು ಪ್ಯಾರಲಲ್ 100 ಕಿಲೋಓಮ್ ಅಂದರೂ ಒಂದೇ. ಪರೀಕ್ಷೆಗೆ ಅಂತ ಉರು ಹೊಡೆದ ಪ್ರಮೇಯಕ್ಕೆ ಇಲ್ಲಿ ಕೆಲಸ ಸಿಗುತ್ತದೆ.

ಥ್ರೆಶೋಲ್ಡ್ ಎಷ್ಟು ಇಡಬೇಕು? ಕೋಶದಲ್ಲಿ ಪೂರ್ತಿ ಏರಿಕೆ 20, ಥ್ರೆಶೋಲ್ಡ್ 15, ಅಂದರೆ ಮುಕ್ಕಾಲು ಪಾಲು. 9ರ ಮುಕ್ಕಾಲು 6.75 ವೋಲ್ಟ್. ಬ್ಯಾಟರಿ ಕರೆಕ್ಟಾಗಿ 9 ಇರೋದಿಲ್ಲ, ಮೊದಲೇ ಅಳೆದು ಅದರ ಮುಕ್ಕಾಲು ತೆಗೆದುಕೊಳ್ಳಿ.

ಈಗ ಮೂವರು ಬೇಕು. ಒಬ್ಬರು ಮೀಟರ್ ಓದಬೇಕು, ಒಬ್ಬರು ಟೈಮ್ ಬರೆಯಬೇಕು, ಮೂರನೆಯವರು 100 ಓಮ್ ರೆಸಿಸ್ಟರ್ ಹಿಡಿದು ಕಾಯಬೇಕು. 10 ಸೆಕೆಂಡಿಗೆ ಮೀಟರ್ 5.7 ವೋಲ್ಟ್ ಆಸುಪಾಸು ತೋರಿಸುತ್ತದೆ. 14 ಸೆಕೆಂಡಿನ ಹತ್ತಿರ 6.75 ಬರುತ್ತದೆ. ಬಂದ ಕೂಡಲೇ ಮೂರನೆಯವರು ಆ ರೆಸಿಸ್ಟರನ್ನು ಕೆಪಾಸಿಟರ್‌ನ ಎರಡೂ ಕಾಲಿಗೆ ಮುಟ್ಟಿಸಿ ತೆಗೆಯಬೇಕು. ವೋಲ್ಟೇಜ್ ಸೊನ್ನೆಯ ಹತ್ತಿರ ಬೀಳುತ್ತದೆ, ಮತ್ತೆ ಏರೋಕೆ ಶುರುವಾಗುತ್ತದೆ. ಮುಟ್ಟಿಸೋದು, ಕಾಯೋದು, ಮುಟ್ಟಿಸೋದು.

ನಿಮಗೆ 14ರ ಬದಲು 12 ಅಥವಾ 16 ಸೆಕೆಂಡ್ ಬಂದರೆ ಗಾಬರಿ ಬೇಡ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಲ್ಲಿ ಬರೆದ ಬೆಲೆಗಿಂತ 20 ಪರ್ಸೆಂಟ್ ಆಚೀಚೆ ಇರೋದು ಮಾಮೂಲು. ಬಂದ ಟೈಮನ್ನು 1.386ರಿಂದ ಭಾಗಿಸಿ, ನಿಮ್ಮ ನಿಜವಾದ ಟೌ ಸಿಗುತ್ತದೆ. 1.386 ಅಂದರೆ 4ರ ನ್ಯಾಚುರಲ್ ಲಾಗ್. ಅದು ಎಲ್ಲಿಂದ ಬಂತು ಅನ್ನೋದನ್ನು ಮುಂದೆ ನೋಡೋಣ. ಮೀಟರ್‌ನದೇ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್ ಇರುತ್ತದೆ, ಅದರಿಂದ ಆಗುವ ವ್ಯತ್ಯಾಸ 1 ಪರ್ಸೆಂಟ್ ಅಷ್ಟೇ. ಅದಕ್ಕೇ 1 ಮೆಗಾಓಮ್ ಮತ್ತು 10 ಮೈಕ್ರೋಫ್ಯಾರಡ್ ಜೋಡಿ ಬೇಡ ಅನ್ನುತ್ತೇನೆ. ಗುಣಲಬ್ಧ ಅದೇ 10 ಸೆಕೆಂಡ್ ಆದರೂ ಅಲ್ಲಿ ಮೀಟರ್ ಸೇರಿಕೊಂಡು ಲೆಕ್ಕವನ್ನು 9 ಪರ್ಸೆಂಟ್ ಕೆಡಿಸುತ್ತದೆ.

ಈ ಪ್ರಯೋಗದಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ವೋಲ್ಟೇಜನ್ನು ಏರಿಸಿದ್ದು ಸರ್ಕ್ಯೂಟ್. ಬೀಳಿಸಿದ್ದು ಆ ಮೂರನೆಯವರ ಬೆರಳು. "ಥ್ರೆಶೋಲ್ಡ್ ಮುಟ್ಟಿದರೆ ರೀಸೆಟ್ ಮಾಡು" ಅನ್ನುವ ನಿಯಮ ಸಮೀಕರಣದ ಒಳಗಿಲ್ಲ, ಹೊರಗಿನಿಂದ ನಾವು ಹಾಕಿದ್ದು. ಕಂಪ್ಯೂಟರ್‌ನಲ್ಲಿ ಓಡಿಸುವಾಗ ಒಂದು ಇಫ್ ಸಾಲಿನೊಳಗೆ ಇದು ಮುಚ್ಚಿಹೋಗುತ್ತದೆ. ಟೇಬಲ್ ಮೇಲೆ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಒಂದು ಮಾಡೆಲ್‌ನಲ್ಲಿ ಯಾವುದು ಪ್ರಕೃತಿ ಮಾಡೋದು, ಯಾವುದು ನಾವು ಕೈ ಹಾಕಿ ಮಾಡೋದು ಅಂತ ಬೇರೆ ಮಾಡಿ ಹೇಳುವವರಿಗೆ ಮಾಡೆಲಿಂಗ್ ಬಂತು ಅಂತಲೇ ನನ್ನ ಲೆಕ್ಕ.

ಸ್ಪ್ರೆಡ್‌ಶೀಟಿಗೆ ತರೋದು

ಲಿಬ್ರೆ ಆಫೀಸ್ ಕ್ಯಾಲ್ಕ್ ಆದರೂ ಸರಿ, ಮೊಬೈಲ್‌ನ ಗೂಗಲ್ ಶೀಟ್ಸ್ ಆದರೂ ಸರಿ. ಶೀಟಿನ ಮೇಲಿನ ಕೆಲವು ಚೌಕಗಳಲ್ಲಿ ಟೌ, ರೆಸಿಸ್ಟೆನ್ಸ್, ಥ್ರೆಶೋಲ್ಡ್, ಕರೆಂಟ್, ಹೆಜ್ಜೆಯ ಗಾತ್ರ ಬರೆದಿಡಿ. ಫಾರ್ಮುಲಾದೊಳಗೆ ಸಂಖ್ಯೆಗಳನ್ನು ನೇರ ತುರುಕಬೇಡಿ, ಈ ಚೌಕಗಳನ್ನೇ ಡಾಲರ್ ಗುರುತಿನಿಂದ ಕಟ್ಟಿ ಕರೆಯಿರಿ. ಕೆಳಗೆ ಮೂರು ಕಾಲಂ ಸಾಕು: ಸಮಯ, ವೋಲ್ಟೇಜ್, ಸ್ಪೈಕ್. ವೋಲ್ಟೇಜ್ ಕಾಲಂನಲ್ಲಿ ಇಫ್ ಫಂಕ್ಷನ್ ಹಾಕಿ. ಹೊಸ ಬೆಲೆ ಥ್ರೆಶೋಲ್ಡ್‌ಗೆ ಸಮ ಅಥವಾ ಹೆಚ್ಚಾದರೆ −65, ಇಲ್ಲದಿದ್ದರೆ ಹೊಸ ಬೆಲೆಯನ್ನೇ ಬರಿ. ಸ್ಪೈಕ್ ಕಾಲಂನಲ್ಲಿ ಅದೇ ಷರತ್ತಿಗೆ 1 ಅಥವಾ 0. ಎಳೆದು 1000 ಸಾಲಿಗೆ ಹರಡಿ, ಸ್ಪೈಕ್ ಕಾಲಂ ಕೂಡಿಸಿ. ಒಂದು ಸೆಕೆಂಡಿಗೆ 71 ಸ್ಪೈಕ್ ಬರಬೇಕು.

ಈಗ ಪರೀಕ್ಷೆ. ಈ ಮಾಡೆಲ್‌ಗೆ ಕೈಯಲ್ಲೇ ಬಿಡಿಸಬಹುದಾದ ಉತ್ತರ ಇದೆ, ಅದೇ ಇದರ ದೊಡ್ಡ ಅನುಕೂಲ. ಎರಡು ಸ್ಪೈಕ್ ನಡುವಿನ ಸಮಯ = ಟೌ × ನ್ಯಾಚುರಲ್ ಲಾಗ್ (20 ÷ (20 − 15)). ಅಂದರೆ 10 × ಲಾಗ್ 4, ಅಂದರೆ 13.86 ಮಿಲಿಸೆಕೆಂಡ್, ಸೆಕೆಂಡಿಗೆ 72. ಹೆಜ್ಜೆಯನ್ನು 1ರಿಂದ 0.1ಕ್ಕೆ ಇಳಿಸಿ ನೋಡಿ, ಶೀಟು 13.8ಕ್ಕೆ ಬರುತ್ತದೆ. ಹೆಜ್ಜೆ ಅರ್ಧ ಮಾಡಿದಾಗ ಉತ್ತರ ಬಹಳ ಬದಲಾದರೆ ನಿಮ್ಮ ಹೆಜ್ಜೆ ಇನ್ನೂ ದೊಡ್ಡದು ಅಂತ ಅರ್ಥ. ಬೇಕಂತಲೇ ಹೆಜ್ಜೆಯನ್ನು 25 ಮಿಲಿಸೆಕೆಂಡ್ ಮಾಡಿ, ಥ್ರೆಶೋಲ್ಡನ್ನು ಬಹಳ ಮೇಲೆ ಇಟ್ಟು ಒಮ್ಮೆ ಓಡಿಸಿ. ವೋಲ್ಟೇಜ್ ಗುರಿಯ ಆಚೆಗೂ ಈಚೆಗೂ ಹಾರುತ್ತಾ ಹುಚ್ಚಾಪಟ್ಟೆ ಬೆಳೆಯುತ್ತದೆ. ಟೌನ ಎರಡು ಪಟ್ಟಿಗಿಂತ ಹೆಜ್ಜೆ ದೊಡ್ಡದಾದರೆ ಆಯ್ಲರ್ ವಿಧಾನ ಹೀಗೆ ಕೈಕೊಡುತ್ತದೆ. ಕೋಶದ ತಪ್ಪು ಯಾವುದು, ಲೆಕ್ಕದ ತಪ್ಪು ಯಾವುದು ಅಂತ ಗುರುತಿಸೋಕೆ ಇದನ್ನು ಒಮ್ಮೆ ನೋಡಿರಲೇಬೇಕು.

ಮೊದಲ ಪುಟದ ಪ್ರಶ್ನೆಗೆ ಈಗ ಉತ್ತರ ತೆಗೆಯಿರಿ. ಕರೆಂಟ್ 1.4 ಇಟ್ಟರೆ ವೋಲ್ಟೇಜ್ −51ರಲ್ಲಿ ನಿಂತುಬಿಡುತ್ತದೆ, ಸ್ಪೈಕೇ ಇಲ್ಲ. 1.5 ನ್ಯಾನೋಆಂಪಿಯರ್ ಗಡಿ. 1.6ಕ್ಕೆ ಸೆಕೆಂಡಿಗೆ 36. 2ಕ್ಕೆ 72. 3ಕ್ಕೆ 144. 4ಕ್ಕೆ 213. ಗಡಿ ದಾಟಿದ ಕೂಡಲೇ ಗೆರೆ ಕಡಿದಾಗಿ ಏರಿ, ಆಮೇಲೆ ಹೆಚ್ಚುಕಮ್ಮಿ ನೇರವಾಗುತ್ತದೆ. ನಿಜವಾದ ಕೋಶ ಇಷ್ಟು ವೇಗಕ್ಕೆ ಎಲ್ಲೆಯಿಲ್ಲದೆ ಹೋಗೋದಿಲ್ಲ. ಸ್ಪೈಕ್ ಆದಮೇಲೆ ಅದಕ್ಕೆ ಸ್ವಲ್ಪ ವಿರಾಮ ಬೇಕು. 2 ಮಿಲಿಸೆಕೆಂಡ್ ವಿರಾಮ ಸೇರಿಸಿದರೆ 72 ಇದ್ದದ್ದು 63 ಆಗುತ್ತದೆ, 213 ಇದ್ದದ್ದು 149. ವೇಗ ಹೆಚ್ಚಿದ್ದಲ್ಲೇ ಹೊಡೆತ ಹೆಚ್ಚು, ಗಮನಿಸಿ.

ಸಿಗ್ನಲ್ ಕೊಟ್ಟು ನೋಡೋದು

ಇಲ್ಲಿಯವರೆಗೆ ಒಂದೇ ಸಮ ಕರೆಂಟ್ ಕೊಟ್ಟೆವು. ಕೋಶಕ್ಕೆ ನಿಜವಾಗಿ ಬರೋದು ಬೇರೆ ಕೋಶಗಳ ಸ್ಪೈಕ್‌ಗಳು. ಕರೆಂಟ್ ಸೊನ್ನೆ ಮಾಡಿ. ಇನ್‌ಪುಟ್ ಅಂತ ಹೊಸ ಕಾಲಂ ಮಾಡಿ, ಒಂದು ಸಾಲಿನಲ್ಲಿ 8 ಬರೆಯಿರಿ, ಆ ಸಾಲಿನಲ್ಲಿ ವೋಲ್ಟೇಜ್ 8 ಮಿಲಿವೋಲ್ಟ್ ಜಿಗಿಯಲಿ. −65ರಿಂದ −57, ಆಮೇಲೆ ಇಳಿತ. ಒಂದು ಇನ್‌ಪುಟ್‌ನಿಂದ ಸ್ಪೈಕ್ ಬರೋದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಕೊಟ್ಟರೆ 16 ಆಗುತ್ತದೆ, ಸ್ಪೈಕ್ ಬರುತ್ತದೆ. ಎರಡನೆಯದನ್ನು 1 ಮಿಲಿಸೆಕೆಂಡ್ ತಡವಾಗಿ ಕೊಡಿ. ಮೊದಲನೆಯದರ 8 ಸೋರಿ 7.2 ಆಗಿರುತ್ತದೆ, 7.2ಕ್ಕೆ 8 ಸೇರಿ 15.2, ಇನ್ನೂ ಸ್ಪೈಕ್ ಇದೆ. 2 ಮಿಲಿಸೆಕೆಂಡ್ ತಡವಾದರೆ 6.48ಕ್ಕೆ 8 ಸೇರಿ 14.48. ಸ್ಪೈಕ್ ಇಲ್ಲ.

ಇದನ್ನು ಮಕ್ಕಳು ನೋಡುವಾಗ ನಾನು ಮಾತಾಡೋದಿಲ್ಲ, ಅವರೇ ನೋಡಲಿ ಅಂತ ಬಿಡುತ್ತೇನೆ. ಒಂದು ಕೆಪಾಸಿಟರ್, ಒಂದು ಸೋರಿಕೆ, ಒಂದು ಥ್ರೆಶೋಲ್ಡ್. ಇಷ್ಟೇ ಇಟ್ಟುಕೊಂಡು "ಈ ಎರಡು ಸುದ್ದಿ ಒಟ್ಟಿಗೇ ಬಂದವಾ?" ಅನ್ನುವ ಪ್ರಶ್ನೆಗೆ ಕೋಶ ಹೌದು ಅಥವಾ ಇಲ್ಲ ಅನ್ನುತ್ತಿದೆ. ಸೋರಿಕೆ ಒಂದು ದೋಷ ಅಂತ ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ಸೋರದಿದ್ದರೆ ಹಳೇ ಇನ್‌ಪುಟ್ ಹಾಗೇ ಕೂತಿರುತ್ತಿತ್ತು, ಹೊತ್ತಿನ ಲೆಕ್ಕವೇ ಇರುತ್ತಿರಲಿಲ್ಲ. ಸದ್ದು ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಅಂತ ನಾವು ತಿಳಿಯೋದು ಎರಡು ಕಿವಿಗೆ ಅದು ತಲುಪುವ ಸಮಯದ ವ್ಯತ್ಯಾಸದಿಂದಲೂ ಹೌದು. ಮನುಷ್ಯರ ತಲೆಗೆ ಆ ವ್ಯತ್ಯಾಸ ಜಾಸ್ತಿ ಅಂದರೆ 0.6–0.7 ಮಿಲಿಸೆಕೆಂಡ್. ಒಟ್ಟಿಗೆ ಬಂದದ್ದನ್ನು ಗುರುತಿಸುವ ಕೋಶಗಳಿಂದ ದಿಕ್ಕು ತಿಳಿಯಬಹುದು ಅಂತ ಲಾಯ್ಡ್ ಜೆಫ್ರೆಸ್ 1948ರಲ್ಲಿ ಒಂದು ಮಾಡೆಲ್ ಮುಂದಿಟ್ಟರು. ಗೂಬೆಯ ಮೆದುಳಿನಲ್ಲಿ ಅದಕ್ಕೆ ಹೋಲುವ ಏರ್ಪಾಡು ಆಮೇಲೆ ಕಂಡುಬಂತು.

ಒಂದು ಎಚ್ಚರಿಕೆ. 8 ಮಿಲಿವೋಲ್ಟ್ ಜಿಗಿತ ಕ್ಲಾಸಿಗೆ ಅಂತ ಇಟ್ಟ ಸಂಖ್ಯೆ. ಮೆದುಳಿನ ಹೊರಪದರದಲ್ಲಿ ಒಂದು ಸಂಪರ್ಕದಿಂದ ಬರುವ ಜಿಗಿತ ಸಾಮಾನ್ಯವಾಗಿ 1 ಮಿಲಿವೋಲ್ಟಿಗೂ ಕಡಿಮೆ, ಹತ್ತಾರು ಸೇರಿದರೇ ಸ್ಪೈಕ್. ರಿಪೋರ್ಟಿನಲ್ಲಿ ಇದನ್ನು ಬರೆಯದೆ ಬಿಡಬೇಡಿ.

ಸೈನ್ ಅಲೆ ಕೊಟ್ಟು ನೋಡೋದೂ ಒಳ್ಳೆಯದು. ಥ್ರೆಶೋಲ್ಡನ್ನು ಎತ್ತರಕ್ಕೆ ಇಟ್ಟು, ಹೆಜ್ಜೆ 0.1 ಇಟ್ಟು, 5 ಹರ್ಟ್ಜ್ ಅಲೆ ಕೊಟ್ಟರೆ 95 ಪರ್ಸೆಂಟ್ ಎತ್ತರ ಉಳಿಯುತ್ತದೆ. ಮನೆಯ ಕರೆಂಟಿನ 50 ಹರ್ಟ್ಜ್ ಕೊಟ್ಟರೆ 30 ಪರ್ಸೆಂಟ್ ಅಷ್ಟೇ. ನರಕೋಶ ಒಂದು ಲೋ ಪಾಸ್ ಫಿಲ್ಟರ್, ಅಂದರೆ ನಿಧಾನದ ಅಲೆಯನ್ನು ಹಾಯಲು ಬಿಟ್ಟು ವೇಗದ್ದನ್ನು ತಗ್ಗಿಸುವ ಜರಡಿ. ನಮ್ಮ ಸಂಖ್ಯೆಗಳಿಗೆ ಅದರ ಕಟ್ ಆಫ್, ಅಂದರೆ ತಗ್ಗಿಸೋದು ಜೋರಾಗುವ ಗಡಿ, 16 ಹರ್ಟ್ಜ್.

ಇನ್ನು ಗದ್ದಲ, ಅಂದರೆ ವೋಲ್ಟೇಜಿಗೆ ಸೇರುವ ಅಡ್ಡಾದಿಡ್ಡಿ ಏರಿಳಿತ. ನಮ್ಮ ಮಾಡೆಲ್ ಗಡಿಯಾರದ ಹಾಗೆ ಒಂದೇ ಸಮ ಸ್ಪೈಕ್ ಕೊಡುತ್ತದೆ, ಮೆದುಳಿನ ಕೋಶ ಹಾಗಲ್ಲ. ಶೀಟಿನ ರ‍್ಯಾಂಡ್ ಫಂಕ್ಷನ್ ಹನ್ನೆರಡು ಸಲ ಕೂಡಿಸಿ 6 ಕಳೆದರೆ ಸರಾಸರಿ 0, ಸ್ಟ್ಯಾಂಡರ್ಡ್ ಡೀವಿಯೇಷನ್ 1 ಇರುವ, ಗಂಟೆಯಾಕಾರಕ್ಕೆ ಬಹಳ ಹತ್ತಿರದ ಸಂಖ್ಯೆ ಸಿಗುತ್ತದೆ. 1 ಮಿಲಿಸೆಕೆಂಡ್ ಹೆಜ್ಜೆಯ ಪ್ರತಿ ಸಾಲಿಗೂ ಅಷ್ಟು ಮಿಲಿವೋಲ್ಟ್ ಕೂಡಿಸಿ, ಕರೆಂಟನ್ನು 1.4ಕ್ಕೆ ಇಡಿ. ಮೊದಲು ಸತ್ತಂತೆ ಬಿದ್ದಿದ್ದ ಕೋಶ ಈಗ ಹೊತ್ತಿಲ್ಲದ ಹೊತ್ತಿಗೆ ಸ್ಪೈಕ್ ಕೊಡುತ್ತದೆ. ಹೆಜ್ಜೆಯನ್ನು 0.1 ಮಾಡಿದರೆ ಗದ್ದಲವನ್ನು 0.1ರಿಂದ ಗುಣಿಸಬಾರದು, ಅದರ ವರ್ಗಮೂಲ 0.316ರಿಂದ ಗುಣಿಸಬೇಕು. ಇದನ್ನು ಮರೆತರೆ ಹೆಜ್ಜೆ ಚಿಕ್ಕದಾದಷ್ಟೂ ಗದ್ದಲ ಮಾಯವಾಗಿ ಹೋಗುತ್ತದೆ.

ಬೆರಳನ್ನು ತೆಗೆಯೋದು

ಮಾಡೆಲ್ ಎಲ್ಲಿ ಸೋಲುತ್ತದೆ ಅಂತ ಈಗ ಕೇಳಿ. ಸ್ಪೈಕ್‌ನ ಆಕಾರ ಇದಕ್ಕೆ ಗೊತ್ತಿಲ್ಲ, ಗ್ರಾಫ್‌ನಲ್ಲಿ ಉದ್ದ ಗೆರೆ ನಾವೇ ಎಳೆಯಬೇಕು. ಒಂದೇ ಸಮ ಕರೆಂಟ್ ಕೊಟ್ಟಾಗ ಮೆದುಳಿನ ಬಹಳ ಕೋಶಗಳು ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ ಸ್ಪೈಕ್ ಕೊಡುತ್ತವೆ. ಇದು ಕೊಡೋದಿಲ್ಲ.

ನಿಧಾನವಾಗೋದು ಬೇಕಿದ್ದರೆ ಯೂಜೀನ್ ಇಝಿಕೆವಿಚ್ 2003ರಲ್ಲಿ ಕೊಟ್ಟ ಮಾಡೆಲ್‌ಗೆ ಹೋಗಿ. ಎರಡೇ ಸಾಲು, ಅದೇ ಶೀಟಿನಲ್ಲಿ ಆಗುತ್ತದೆ. ವೋಲ್ಟೇಜ್ ವಿ, ಅದನ್ನು ಕೆಳಗೆ ಜಗ್ಗುವ ನಿಧಾನದ ಚರ ಯು, ಇನ್‌ಪುಟ್ ಐ:

ವಿ ಬದಲಾಗುವ ವೇಗ = 0.04 × ವಿ × ವಿ + 5 × ವಿ + 140 − ಯು + ಐ

ಯು ಬದಲಾಗುವ ವೇಗ = 0.02 × (0.2 × ವಿ − ಯು)

ವಿ 30 ಮುಟ್ಟಿದರೆ ವಿ ಅನ್ನು −65 ಮಾಡಿ, ಯುಗೆ 8 ಕೂಡಿಸಿ. ವಿ −65, ಯು −13ರಿಂದ ಶುರು ಮಾಡಿ, ಐ 10 ಇಟ್ಟು, ಹೆಜ್ಜೆ 0.5 ಮಿಲಿಸೆಕೆಂಡ್ ಅಥವಾ ಕಡಿಮೆ ಇಡಿ. ಮೊದಲ ಸ್ಪೈಕ್‌ಗಳ ನಡುವಿನ ಅಂತರಕ್ಕಿಂತ ಆಮೇಲಿನ ಅಂತರ ಜಾಸ್ತಿಯಾಗೋದು ಕಾಣುತ್ತದೆ. ರೀಸೆಟನ್ನು −65ರ ಬದಲು −50, ಕೂಡಿಸೋದನ್ನು 8ರ ಬದಲು 2 ಮಾಡಿದರೆ ಸ್ಪೈಕ್‌ಗಳು ಗುಂಪು ಗುಂಪಾಗಿ ಬರುತ್ತವೆ. ಮೇಲೇರುವ ಕೆಲಸವನ್ನು ಇಲ್ಲಿ ಸಮೀಕರಣವೇ ಮಾಡುತ್ತದೆ, ಕೆಳಗಿಳಿಸುವ ಬೆರಳು ಮಾತ್ರ ಇನ್ನೂ ನಮ್ಮದು.

ಬೆರಳನ್ನು ಪೂರ್ತಿ ತೆಗೆದವರು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರೂ ಹಕ್ಸ್ಲಿ, 1952ರಲ್ಲಿ. ಸ್ಕ್ವಿಡ್ ಅನ್ನುವ ಸಮುದ್ರಜೀವಿಯ ಅರ್ಧ ಮಿಲಿಮೀಟರ್ ದಪ್ಪದ ನರತಂತುವಿನ ಮೇಲೆ ಅಳತೆ ತೆಗೆದರು. ವೋಲ್ಟೇಜ್ ಏರಿದಾಗ ಸೋಡಿಯಂ ದಾರಿ ತೆರೆದು ಅದನ್ನು ಇನ್ನೂ ಏರಿಸುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ, ಪೊಟ್ಯಾಸಿಯಂ ದಾರಿ ತಡವಾಗಿ ತೆರೆದು ಕೆಳಗಿಳಿಸುತ್ತದೆ. ನಾಲ್ಕು ಸಮೀಕರಣ, ಹೊರಗಿನ ನಿಯಮ ಒಂದೂ ಇಲ್ಲ. ಥ್ರೆಶೋಲ್ಡ್, ಸ್ಪೈಕ್, ರೀಸೆಟ್, ವಿರಾಮ ಎಲ್ಲವೂ ಒಳಗಿನಿಂದಲೇ ಹುಟ್ಟುತ್ತವೆ. ಕೇಂಬ್ರಿಜ್‌ನ ಕಂಪ್ಯೂಟರ್ ಆ ಹೊತ್ತಿಗೆ ಸಿಗದೆ ಹಕ್ಸ್ಲಿ ಕೈಯಿಂದ ತಿರುಗಿಸುವ ಬ್ರನ್ಸ್‌ವಿಗಾ ಕ್ಯಾಲ್ಕುಲೇಟರ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಮಾಡಿದರು. 14 ಸಾಲಿಗೆ ಕೈ ನೋಯುತ್ತದೆ ಅನ್ನುವ ಮಕ್ಕಳಿಗೆ ನಾನು ಇದನ್ನು ಹೇಳದೆ ಬಿಡೋದಿಲ್ಲ. 1963ರಲ್ಲಿ ಇಬ್ಬರಿಗೂ ಜಾನ್ ಎಕ್ಲ್ಸ್ ಜೊತೆಗೆ ನೊಬೆಲ್ ಬಂತು.

ಅವರ ಸಂಖ್ಯೆಗಳನ್ನು ಬಳಸುವಾಗ ತಾಪಮಾನ ನೋಡಿ. ಅವು 6.3 ಡಿಗ್ರಿ ಸೆಲ್ಸಿಯಸ್‌ನವು. ತಾಪಮಾನ 10 ಡಿಗ್ರಿ ಏರಿದಾಗ ದಾರಿಗಳು ತೆರೆದು ಮುಚ್ಚುವ ವೇಗ 3 ಪಟ್ಟು ಆಗುತ್ತದೆ ಅಂತ ಅವರು ಲೆಕ್ಕ ಹಿಡಿದಿದ್ದಾರೆ. ಅದೇ ಸಂಖ್ಯೆಗಳನ್ನು ಹಾಗೇ ಎತ್ತಿ "ಇದು ಮನುಷ್ಯರ ಮೆದುಳು" ಅಂತ ಬರೆದರೆ ವೈವಾದಲ್ಲಿ ನಾನು ಒಪ್ಪೋದಿಲ್ಲ.

ಇದಕ್ಕೆ ಸ್ಪ್ರೆಡ್‌ಶೀಟ್ ಸಾಕಾಗೋದಿಲ್ಲ, ಪೈಥಾನ್‌ಗೆ ಹೋಗಿ. ಆದರೆ ಪೈಥಾನ್‌ನಲ್ಲಿ ನೀವು ಓಡಿಸುವ ಮೊದಲ ಪ್ರೋಗ್ರಾಂ ಹಾಡ್ಜ್‌ಕಿನ್ ಹಕ್ಸ್ಲಿಯದ್ದಾಗಬಾರದು. ಅದು ನಿಮ್ಮ ಕೈಲೆಕ್ಕದ ಕೋಶವೇ ಆಗಬೇಕು. ಟೌ 10, ಕರೆಂಟ್ 2, ಹೆಜ್ಜೆ 1. ಮೊದಲ ಸ್ಪೈಕ್ 14ನೇ ಮಿಲಿಸೆಕೆಂಡಿಗೇ ಬರಬೇಕು, 13ರಲ್ಲಿ −50.08 ಕಾಣಬೇಕು. 13 ಅಥವಾ 15 ಬಂದರೆ ಎಣಿಕೆಯನ್ನು 0ಯಿಂದ ಶುರು ಮಾಡಿದಿರೋ 1ರಿಂದಲೋ ನೋಡಿ, ಥ್ರೆಶೋಲ್ಡ್ ಪರೀಕ್ಷೆಯನ್ನು ವೋಲ್ಟೇಜ್ ಬದಲಿಸುವ ಸಾಲಿಗಿಂತ ಮುಂಚೆ ಇಟ್ಟಿದ್ದೀರೋ ಆಮೇಲೋ ಅಂತ ನೋಡಿ. ಅದು ಸರಿಯಾದ ಮೇಲೆ ಸೋಡಿಯಂ ದಾರಿಯನ್ನು ಸೇರಿಸಿ.